ರಸ್ತೆ ಅಪಘಾತದ ಪರಿಹಾರ: ಆರು ತಿಂಗಳೊಳಗೆ ಅರ್ಜಿ ಹಾಕುವುದು ಹೇಗೆ?

ಅಪಘಾತದಲ್ಲಿ ಕಾಲು ಮುರಿದುಕೊಂಡವರ ಮನೆಯಲ್ಲಿ ಮೊದಲ ತಿಂಗಳುಗಳು ಆಸ್ಪತ್ರೆ, ಔಷಧಿ, ಕೈಸಾಲದ ಓಡಾಟದಲ್ಲೇ ಕಳೆದುಹೋಗುತ್ತವೆ. ಆಮೇಲೆ ರಾಡ್ ತೆಗೆಯುವವರೆಗೆ ಕಾಯೋಣ ಎನ್ನುತ್ತಾರೆ. ‘ಕೇಸು ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಗುಣವಾಗಲಿ’ ಎಂದು ನೆಂಟರೂ ಸಮಾಧಾನ ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದ ಹೇಳಿದ ಈ ಮಾತೇ ಪರಿಹಾರಕ್ಕೆ ಕುತ್ತಾಗಬಹುದು. ಮೋಟಾರು ವಾಹನ ಕಾಯ್ದೆಯ 166(3)ನೇ ಕಲಂ ಪ್ರಕಾರ, ಅಪಘಾತ ನಡೆದ ಆರು ತಿಂಗಳೊಳಗೆ ಬಾರದ ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಪರಿಗಣಿಸುವಂತಿಲ್ಲ.

ಅನೇಕರಿಗೆ ಇದು ಗೊತ್ತಿಲ್ಲದಿರುವುದಕ್ಕೆ ಕಾರಣವಿದೆ. ಹಿಂದಿದ್ದ ಕಾಲಮಿತಿಯನ್ನು 1994ರ ತಿದ್ದುಪಡಿ ತೆಗೆದುಹಾಕಿತ್ತು. ಹಾಗಾಗಿ ವರ್ಷಗಳ ನಂತರ ಅರ್ಜಿ ಹಾಕಿದವರಿಗೂ ಪರಿಹಾರ ಸಿಕ್ಕ ಉದಾಹರಣೆಗಳು ಊರೂರಲ್ಲಿ ಇವೆ. 2019ರ ತಿದ್ದುಪಡಿ ಆರು ತಿಂಗಳ ಮಿತಿಯನ್ನು ಮರಳಿ ತಂದಿತು, 2022ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಈ ಮಿತಿಯ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ಸದ್ಯಕ್ಕೆ ವಜಾ ಮಾಡಬೇಡಿ ಎಂದು ನ್ಯಾಯಾಲಯ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವನ್ನೂ ನೀಡಿತು. ಆರು ತಿಂಗಳು ಮೀರಿದವರು ಈ ಆದೇಶವನ್ನು ಮುಂದಿಟ್ಟು ಕೂಡಲೇ ವಕೀಲರನ್ನು ಕಾಣಬೇಕು. ಇನ್ನೂ ಸಮಯ ಉಳಿದಿರುವವರು ಮಾತ್ರ ಮಧ್ಯಂತರ ಆದೇಶವನ್ನು ನಂಬಿ ಕೂರಬಾರದು.

ಆಸ್ಪತ್ರೆಯಲ್ಲಿ ಹೇಳುವ ಮೊದಲ ಮಾತು

ಕೆಲಸ ಶುರುವಾಗುವುದು ವಕೀಲರ ಕಚೇರಿಯಲ್ಲಲ್ಲ, ತುರ್ತು ಚಿಕಿತ್ಸಾ ಕೊಠಡಿಯಲ್ಲಿ. ಗಾಯ ಹೇಗಾಯಿತು ಎಂದು ವೈದ್ಯರು ಕೇಳಿ ಬರೆದುಕೊಳ್ಳುತ್ತಾರೆ. ಪೊಲೀಸರ ಗೊಡವೆ ಬೇಡವೆಂದು, ಅಥವಾ ಗುದ್ದಿದವನು ‘ಖರ್ಚೆಲ್ಲ ನಾನೇ ಕೊಡುತ್ತೇನೆ’ ಎಂದು ಕೈಮುಗಿದನೆಂದು, ‘ಬೈಕಿನಿಂದ ತಾನೇ ಬಿದ್ದರು’ ಎಂದು ಬರೆಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಖರ್ಚು ಕೊಡುತ್ತೇನೆಂದವನು ಮೊದಲ ಬಿಲ್ಲಿನ ನಂತರ ಫೋನ್ ಎತ್ತದೇ ಹೋದಾಗ ದೂರು ಕೊಡಲು ಹೊರಟರೆ, ಆ ಒಂದು ಸಾಲು ವಿಮಾ ಕಂಪನಿಯ ಕೈಗೆ ಸಿಗುತ್ತದೆ. ವಾಹನವನ್ನು ಆಮೇಲೆ ತಂದು ಸೇರಿಸಿದ್ದಾರೆ ಎಂಬುದೇ ಅವರ ವಾದವಾಗುತ್ತದೆ. ಯಾವ ವಾಹನ, ಎಲ್ಲಿ, ಹೇಗೆ ಗುದ್ದಿತು ಎಂಬುದನ್ನು ಇದ್ದದ್ದು ಇದ್ದಂತೆ ಬರೆಸಿ. ಗಾಯಾಳುವಿಗೆ ಪ್ರಜ್ಞೆ ಇಲ್ಲದಿದ್ದರೆ ಜೊತೆಗಿದ್ದವರು ಹೇಳಬೇಕು.

ದೂರನ್ನು ಅಂದೇ ಅಥವಾ ಮರುದಿನವೇ ಕೊಡಿ. ಗಾಯಾಳುವೇ ಠಾಣೆಗೆ ಹೋಗಬೇಕೆಂದಿಲ್ಲ, ಮನೆಯವರು ಯಾರು ಬೇಕಾದರೂ ಕೊಡಬಹುದು. ಎಫ್‌ಐಆರ್ ಪ್ರತಿ ಪಡೆಯುವುದು ದೂರುದಾರರ ಹಕ್ಕು, ಅದಕ್ಕೆ ಹಣ ಕೊಡಬೇಕಿಲ್ಲ.

ದಿನ ಎಣಿಸುವುದು

ಆರು ತಿಂಗಳೆಂದರೆ ಕ್ಯಾಲೆಂಡರ್ ತಿಂಗಳುಗಳು. ಜನವರಿ 10ರಂದು ಅಪಘಾತವಾದರೆ ಜುಲೈ 10ರೊಳಗೆ ಅರ್ಜಿ ದಾಖಲಾಗಬೇಕು. ಎಣಿಕೆ ಅಪಘಾತದ ದಿನದಿಂದಲೇ ಹೊರತು ಆಸ್ಪತ್ರೆಯಿಂದ ಬಿಡುಗಡೆಯಾದ ದಿನದಿಂದಲ್ಲ. ತಿಂಗಳುಗಟ್ಟಲೆ ಚಿಕಿತ್ಸೆಯಲ್ಲಿದ್ದು ಗಾಯಾಳು ತೀರಿಕೊಂಡರೂ ಕಾಯ್ದೆಯ ಪದಗಳು ಹೇಳುವುದು ಅಪಘಾತದ ದಿನವನ್ನೇ. ದುಃಖದ ನಡುವೆ ಕುಟುಂಬಗಳು ಎಡವುವುದು ಇಲ್ಲಿಯೇ. ಮಕ್ಕಳಿಗೆ ಹದಿನೆಂಟು ತುಂಬುವವರೆಗೆ ಅವಕಾಶವಿದೆ ಎಂಬ ನಂಬಿಕೆಯನ್ನೂ ಬದಿಗಿಡಿ. ತಂದೆ ಅಥವಾ ತಾಯಿ ಇದೇ ಆರು ತಿಂಗಳೊಳಗೆ ಮಗುವಿನ ಪರವಾಗಿ ಅರ್ಜಿ ಹಾಕುವುದು ಕ್ಷೇಮ. ಕೊನೆಯ ದಿನ ಏಪ್ರಿಲ್, ಮೇ ತಿಂಗಳ ಬೇಸಿಗೆ ರಜೆಯಲ್ಲಿ ಬಿದ್ದರೆ ರಜೆಗೆ ಮುಂಚೆಯೇ ಮುಗಿಸಿ.

ಪೊಲೀಸರ ವರದಿ ಸಾಕೇ?

ಅಪಘಾತ ನಡೆದ 48 ಗಂಟೆಗಳೊಳಗೆ ಪ್ರಥಮ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ತನಿಖಾಧಿಕಾರಿ ನ್ಯಾಯಮಂಡಳಿಗೆ ಕಳುಹಿಸಬೇಕು ಎನ್ನುತ್ತವೆ 2022ರ ನಿಯಮಗಳು. ಕಾಯ್ದೆಯ ಪ್ರಕಾರ ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ಪರಿಗಣಿಸಬೇಕು. ಈ ವ್ಯವಸ್ಥೆಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ನಿರ್ದೇಶಿಸಿದೆ. ಏರ್ಪಾಡು ಒಳ್ಳೆಯದೇ. ಆದರೆ ನಿಮ್ಮ ಪ್ರಕರಣದ ವರದಿ ಹೋಗಿದೆಯೇ ಎಂದು ಠಾಣೆಯಲ್ಲಿ ವಿಚಾರಿಸಿ, ಹೋಗಿದ್ದರೂ ಸ್ವಂತ ಅರ್ಜಿಯನ್ನು ಪ್ರತ್ಯೇಕವಾಗಿ ಹಾಕಿ. ಎರಡನ್ನೂ ಒಟ್ಟುಗೂಡಿಸುವುದು ನ್ಯಾಯಮಂಡಳಿಯ ಕೆಲಸ.

ಅರ್ಜಿಗೆ ಬೇಕಾದದ್ದು

ಎಫ್‌ಐಆರ್, ಸ್ಥಳ ಮಹಜರು, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಔಷಧಿ ಮತ್ತು ಆಂಬುಲೆನ್ಸ್ ರಸೀದಿಗಳು, ವಯಸ್ಸಿನ ದಾಖಲೆ, ಆದಾಯಕ್ಕೆ ಯಾವುದಾದರೂ ಆಧಾರ. ಗುದ್ದಿದ ವಾಹನದ ಮಾಲೀಕರ ವಿಳಾಸ ಮತ್ತು ವಿಮೆ ಪಾಲಿಸಿಯ ವಿವರ ಠಾಣೆಯಲ್ಲಿ ಸಿಗುತ್ತದೆ. ಗಾರೆ ಕೆಲಸದವರು, ತರಕಾರಿ ಮಾರುವವರು ಸಂಬಳದ ಚೀಟಿ ಇಲ್ಲವೆಂದು ಹಿಂಜರಿಯಬೇಕಿಲ್ಲ. ದಾಖಲೆ ಇಲ್ಲದಿದ್ದರೂ ನ್ಯಾಯಮಂಡಳಿ ಆದಾಯವನ್ನು ಅಂದಾಜಿಸುತ್ತದೆ.

ಜನರನ್ನು ತಡೆಯುವುದು ಇಲ್ಲದ ಕಾಗದಗಳ ಚಿಂತೆ. ಅಂಗವೈಕಲ್ಯದ ಪ್ರಮಾಣ ಇನ್ನೂ ಗೊತ್ತಾಗಿಲ್ಲ, ದೋಷಾರೋಪ ಪಟ್ಟಿ ಬಂದಿಲ್ಲ, ಇನ್ನೊಂದು ಶಸ್ತ್ರಚಿಕಿತ್ಸೆ ಬಾಕಿ ಇದೆ ಎಂದು ಕಾಯುತ್ತಾರೆ. ಇವು ಯಾವುವೂ ಅರ್ಜಿ ಹಾಕಲು ಅಡ್ಡಿಯಲ್ಲ. ವೈದ್ಯರ ಸಾಕ್ಷ್ಯ ನಡೆಯುವುದು ವಿಚಾರಣೆಯ ಹಂತದಲ್ಲಿ, ನಂತರದ ಬಿಲ್ಲುಗಳನ್ನೂ ಆಗಲೇ ಹಾಜರುಪಡಿಸಬಹುದು. ಬೇಗ ಹಾಕುವುದರಲ್ಲಿ ಲಾಭವೂ ಇದೆ. ಪರಿಹಾರದ ಮೊತ್ತಕ್ಕೆ ಅರ್ಜಿ ಸಲ್ಲಿಸಿದ ದಿನಕ್ಕಿಂತ ಹಿಂದಿನ ಬಡ್ಡಿ ಸಿಗುವುದಿಲ್ಲ.

ಎಲ್ಲಿ ಸಲ್ಲಿಸಬೇಕು? ಅಪಘಾತ ನಡೆದ ಊರಿನಲ್ಲೇ ಆಗಬೇಕೆಂದಿಲ್ಲ, ನೀವು ವಾಸಿಸುವ ಊರಿನ ವ್ಯಾಪ್ತಿಯಲ್ಲೂ ಆಗುತ್ತದೆ. ಶಬರಿಮಲೆಗೆ ಹೋಗುವಾಗ ಕೇರಳದಲ್ಲಿ ಅಪಘಾತವಾದ ಹಾವೇರಿಯವರು ಹಾವೇರಿಯಲ್ಲೇ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ ಈ ಪ್ರಕರಣಗಳನ್ನು ನೋಡುತ್ತದೆ. ವಕಾಲತ್ತಿಗೆ ಸಹಿ ಹಾಕಿದ ಮಾತ್ರಕ್ಕೆ ಅರ್ಜಿ ದಾಖಲಾದಂತಲ್ಲ. ದಾಖಲಾದ ಅರ್ಜಿಗೆ ನ್ಯಾಯಾಲಯ ಕೊಡುವ ಎಂವಿಸಿ ಸಂಖ್ಯೆಯನ್ನು ವಕೀಲರಿಂದ ಕೇಳಿ ಬರೆದಿಟ್ಟುಕೊಳ್ಳಿ.

ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ದಾರಿ ಬೇರೆ. ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಕಚೇರಿಯ ಮೂಲಕ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರ ಕೋರಬಹುದು. ಕೆಲಸದ ವೇಳೆ ಗಾಯಗೊಂಡ ಕಾರ್ಮಿಕರಿಗೆ ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯಡಿ ಎರಡು ವರ್ಷ, ರೈಲು ಅಪಘಾತಕ್ಕೆ ಒಂದು ವರ್ಷ, ಆಸ್ಪತ್ರೆಯ ನಿರ್ಲಕ್ಷ್ಯದ ವಿರುದ್ಧ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಅವಕಾಶವಿದೆ. ಈ ಮೂರರಲ್ಲೂ ತಡವಾದದ್ದಕ್ಕೆ ಸಕಾರಣ ಕೊಟ್ಟರೆ ಮನ್ನಿಸುವ ಅಧಿಕಾರ ಕಾಯ್ದೆಯಲ್ಲೇ ಇದೆ.

ವಕೀಲರ ಶುಲ್ಕಕ್ಕೆ ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, ಅದು ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಲು ಅರ್ಹರು. ಸಹಾಯವಾಣಿ ಸಂಖ್ಯೆ 15100.