ಸವಾಲಿನಲ್ಲಿ ಹಿಡಿಯುವ ಹಳೆ ಮಷಿನ್: ಏನು ನೋಡಬೇಕು, ಮನೆಯಲ್ಲೇ ಹೇಗೆ ರಿಪೇರಿ ಮಾಡಬೇಕು

ಹಳೆ ಮಷಿನ್ ಸವಾಲಿಗೆ, ಅಂದರೆ ಹರಾಜಿಗೆ, ಬಂದಾಗ ನಾನು ಮೊದಲು ನೋಡುವುದು ಒಂದನ್ನೇ. ಹಾಳಾಗಿರುವ ಭಾಗ ಅಂಗಡಿಯಲ್ಲಿ ಸಿಗುವಂಥದ್ದೋ, ಸಿಗದಂಥದ್ದೋ? ಬೇರಿಂಗ್, ಬೆಲ್ಟ್, ಕೆಪಾಸಿಟರ್, ಸೀಲ್ ಇವೆಲ್ಲ ಕುಮಟಾದಲ್ಲೋ ಶಿರಸಿಯಲ್ಲೋ ಸಿಗುತ್ತವೆ. ಅಲ್ಲಿಲ್ಲದಿದ್ದರೆ ಹುಬ್ಬಳ್ಳಿಯಿಂದ ತರಿಸಬಹುದು. ಎರಕದ ಬಾಡಿ, ಸ್ಪಿಂಡಲ್ (ತಿರುಗುವ ಮುಖ್ಯ ಶಾಫ್ಟ್), ಮೆಟ್ಟಿಲು ಪುಲ್ಲಿ, ಸ್ಪಿಂಡಲ್ ಏರಿಳಿಸುವ ಪಟ್ಟಿಯಾದ ರ‍್ಯಾಕ್‌ನ ಹಲ್ಲು ಸಿಗುವುದಿಲ್ಲ. ಕರಕರ ಸದ್ದು ಮಾಡುವ, ಕೈಯಲ್ಲಿ ತಿರುಗದ ಮಷಿನ್ ಕಂಡರೆ ಜನ ಹಿಂದೆ ಸರಿಯುತ್ತಾರೆ, ಅದು ಅಗ್ಗಕ್ಕೆ ಹೋಗುತ್ತದೆ. ಹೊಸ ಬಣ್ಣ ಬಳಿದು ನಿಲ್ಲಿಸಿದ್ದು ದುಬಾರಿಗೆ ಹೋಗುತ್ತದೆ, ಬಣ್ಣದ ಕೆಳಗೆ ಬಾಡಿ ಬಿರುಕು ಬಿಟ್ಟಿದ್ದರೂ.

ಸಹಕಾರಿ ಸಂಘ, ಪಂಚಾಯತಿ, ಶಾಲೆ, ತರಬೇತಿ ಕೇಂದ್ರಗಳ ಹಳೆ ಸಾಮಾನಿನ ಸವಾಲು ನೋಟಿಸ್ ಬೋರ್ಡಿನಲ್ಲೇ ಇರುತ್ತದೆ. ಮಾರ್ಚ್ ಹತ್ತಿರ ಬಂದಾಗ ಒಮ್ಮೆ ಹೋಗಿ ಓದುವುದು ಒಳ್ಳೆಯದು. ಕೇಂದ್ರ ಸರ್ಕಾರದ ಸಂಸ್ಥೆಗಳ ಸಾಮಾನು ಅನೇಕ ಸಲ ಎಂಎಸ್‌ಟಿಸಿ ಎಂಬ ಸರ್ಕಾರಿ ಕಂಪನಿಯ ಆನ್‌ಲೈನ್ ಹರಾಜಿಗೆ ಬರುತ್ತದೆ. ಅಲ್ಲಿ ಲಾಟು ದೊಡ್ಡದು, ಮನೆಯಲ್ಲಿ ಒಂದೆರಡು ಮಷಿನ್ ರಿಪೇರಿ ಮಾಡುವವರಿಗೆ ಹೊಂದುವುದು ಕಡಿಮೆ. ಎಲ್ಲಿ ಹಿಡಿದರೂ ಷರತ್ತು ಒಂದೇ: ಇದ್ದ ಹಾಗೆ, ಇದ್ದಲ್ಲಿಂದ. ಒಯ್ದ ಮೇಲೆ ದೂರುವಂತಿಲ್ಲ. ಠೇವಣಿ ಎಷ್ಟು, ತೆರಿಗೆ ಸೇರಿದೆಯೋ ಇಲ್ಲವೋ, ಎಷ್ಟು ದಿನದೊಳಗೆ ಸಾಗಿಸಬೇಕು ಎಂದು ಮೊದಲೇ ಕೇಳಿಕೊಳ್ಳಬೇಕು. ರಸೀದಿಯಲ್ಲಿ ಮಷಿನ್‌ನ ಹೆಸರು, ಪ್ಲೇಟಿನ ನಂಬರು ಎರಡನ್ನೂ ಬರೆಸಬೇಕು.

ಬೆಲೆಯನ್ನು ಮನೆಯಲ್ಲೇ ಕಟ್ಟಿಕೊಂಡು ಹೋಗುತ್ತೇನೆ. 13 ಎಂಎಂ ಚಕ್ಕಿನ, ಅಂದರೆ ಅಷ್ಟು ದಪ್ಪದ ಡ್ರಿಲ್ ಬಿಟ್ ಹಿಡಿಯುವ ಬಾಯಿಯ, ಬೆಂಚ್ ಡ್ರಿಲ್ 50 ಕೆಜಿ ತೂಗುತ್ತದೆ ಎನ್ನೋಣ. ಗುಜರಿ ದರ ಕೆಜಿಗೆ 30 ರೂಪಾಯಿ ಹಿಡಿದರೆ 1,500 ಆಯಿತು, ಅದಕ್ಕಿಂತ ಕೆಳಗೆ ಯಾರೂ ಬಿಡುವುದಿಲ್ಲ. ಅದರ ಮೇಲೆ ಬೇರಿಂಗ್, ಬೆಲ್ಟ್, ಕೆಪಾಸಿಟರ್, ಟಾಟಾ ಏಸ್ ಬಾಡಿಗೆ. ಮೋಟರ್ ನೋಡಲು ಬಿಡದಿದ್ದರೆ ರಿವೈಂಡಿಂಗ್ (ಹೊಸ ತಂತಿ ಸುತ್ತಿಸುವ) ಖರ್ಚನ್ನೂ ಸೇರಿಸುತ್ತೇನೆ. ಎಲ್ಲ ಕೂಡಿ ಹೊಸದರ ಅರ್ಧ ಬೆಲೆ ದಾಟಿದರೆ ಕೈ ಬಿಡುತ್ತೇನೆ. ಗಣೇಶ ಚೌತಿಯ ಫಲಾವಳಿ (ದೇವರಿಗೆ ಕಟ್ಟಿದ ಹಣ್ಣುಕಾಯಿ) ಸವಾಲಿನಲ್ಲಿ ಒಂದು ತೆಂಗಿನಕಾಯಿಗೆ ಎಷ್ಟು ಕೂಗಿದರೂ ಅದು ದೇವರಿಗೆ. ಮಷಿನ್ ಸವಾಲಿನಲ್ಲಿ ಆ ಹುಮ್ಮಸ್ಸು ಬಂತೆಂದರೆ ಲೆಕ್ಕ ಕೆಟ್ಟಿತು.

ನೋಡಲು ಹೋಗುವಾಗ ಟಾರ್ಚ್, ಮಲ್ಟಿಮೀಟರ್, ಸಣ್ಣ ಸ್ಪ್ಯಾನರ್, ಸೀಮೆಸುಣ್ಣ, ಸ್ವಲ್ಪ ಡೀಸೆಲ್, ಎರಡು ಬಟ್ಟೆ ಚೂರು ಸಾಕು. ಎರಕದ ಬಾಡಿಗೆ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಇದ್ದದ್ದು ಗಂಟೆಯ ಹಾಗೆ ನಾದ ಕೊಡುತ್ತದೆ, ಬಿರುಕು ಬಿಟ್ಟದ್ದು ಒಡೆದ ಮಡಕೆಯ ಹಾಗೆ ಬೊದ್ದು ಸದ್ದು. ಸಂಶಯ ಬಂದ ಜಾಗಕ್ಕೆ ಡೀಸೆಲ್ ಸವರಿ, ಐದು ನಿಮಿಷ ಬಿಟ್ಟು, ಚೆನ್ನಾಗಿ ಒರೆಸಿ ಸೀಮೆಸುಣ್ಣ ಉಜ್ಜಬೇಕು. ಬಿರುಕಿನೊಳಗೆ ಹೋದ ಡೀಸೆಲ್ ಹೊರಬಂದು ಸುಣ್ಣದ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಬೋಲ್ಟಿನ ತೂತಿನ ಸುತ್ತ, ಕಾಲಿನ ಬುಡದಲ್ಲಿ ಇದನ್ನು ಮಾಡಲೇಬೇಕು. ಹಳದಿ ಬಣ್ಣದ ಬೆಸುಗೆ ಕಂಡರೆ ಅದು ಹಿಂದೆಯೇ ಒಡೆದು ಹಿತ್ತಾಳೆಯಲ್ಲಿ ಕೂಡಿಸಿದ್ದು. ನಾನು ಅಂಥದ್ದನ್ನು ತರುವುದಿಲ್ಲ.

ಸ್ಪಿಂಡಲನ್ನು ಎರಡು ಕೈಯಲ್ಲಿ ಹಿಡಿದು ಆಚೀಚೆ ಅಲುಗಿಸಿ ನೋಡಬೇಕು. ಅಲುಗಿದರೆ ಬೇರಿಂಗ್ ಹೋಗಿರಬಹುದು, ಅಥವಾ ಬೇರಿಂಗ್ ಕೂರುವ ಗೂಡು, ಅಂದರೆ ಹೌಸಿಂಗ್, ಸವೆದಿರಬಹುದು. ಮೊದಲನೆಯದು ಸಣ್ಣ ಕೆಲಸ, ಎರಡನೆಯದು ಲೇತಿನ ಕೆಲಸ. ಬೇರಿಂಗಿನ ಹೊರ ರಿಂಗಿಗೆ ಬೆಳಕು ಬಿಟ್ಟು ಶಾಫ್ಟ್ ತಿರುಗಿಸಿ. ಹೊರ ರಿಂಗೂ ಜೊತೆಗೆ ತಿರುಗಿದರೆ ಹೌಸಿಂಗ್ ಹೋಗಿದೆ. ಚಕ್ಕಿಗೆ ನೆಟ್ಟಗಿರುವ ಡ್ರಿಲ್ ಬಿಟ್ಟನ್ನು ಹಿಡಿಸಿ, ಪಕ್ಕದಲ್ಲಿ ಒಂದು ತಂತಿಯ ತುದಿ ಸ್ಥಿರವಾಗಿ ನಿಲ್ಲಿಸಿ ಕೈಯಲ್ಲಿ ತಿರುಗಿಸಿದರೆ ಸ್ಪಿಂಡಲ್ ಡೊಂಕೋ ಎಂದು ಕಣ್ಣಿಗೇ ಕಾಣುತ್ತದೆ. ಚಕ್ಕು ತೆಗೆದು ಮತ್ತೊಮ್ಮೆ ನೋಡಿ. ಡೊಂಕು ಚಕ್ಕಿನಲ್ಲಿ ಮಾತ್ರ ಇದ್ದರೆ ಚಕ್ಕು ಬದಲಿಸಿದರೆ ಮುಗಿಯಿತು.

ಮೋಟರಿನಲ್ಲಿ ಮೂಗಿಗೇ ಮೊದಲ ಕೆಲಸ. ಸುಟ್ಟ ವಾರ್ನಿಷ್‌ನ ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ. ಆಮೇಲೆ ಕೆಪಾಸಿಟರ್ ಬಿಚ್ಚಿ, ರನ್ನಿಂಗ್, ಸ್ಟಾರ್ಟಿಂಗ್, ಕಾಮನ್ ಈ ಮೂರು ವೈರುಗಳನ್ನು ಎರಡೆರಡಾಗಿ ಅಳೆದರೆ ಮೂರು ಅಂಕಿ ಬರುತ್ತವೆ. ದೊಡ್ಡ ಅಂಕಿ ಉಳಿದೆರಡರ ಮೊತ್ತ ಆಗಿರಬೇಕು: 5 ಓಂ, 9 ಓಂ ಬಂದರೆ ಮೂರನೆಯದು 14. ಸ್ಟಾರ್ಟಿಂಗ್ ಸುರುಳಿ ಅಂಕಿಯನ್ನೇ ತೋರದಿದ್ದರೆ ಸುಟ್ಟಿದೆ ಎಂದು ತೀರ್ಮಾನಿಸಬೇಡಿ. ವೇಗ ಬಂದ ಮೇಲೆ ಆ ಸುರುಳಿಯನ್ನು ಕಡಿಯುವ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ಚಿನ ಪಾಯಿಂಟಿಗೆ ಕಿಲುಬು ಹಿಡಿದಿರಬಹುದು, ಕರಾವಳಿಯ ಮಷಿನ್‌ಗಳಲ್ಲಿ ಇದು ತುಂಬ ಕಾಣುವ ದೋಷ. ಯಾವುದೇ ವೈರಿಗೂ ಬಾಡಿಗೂ ನಡುವೆ ಮೀಟರ್ ಏನೂ ತೋರಿಸಬಾರದು.

ಅಡಿಕೆಯ ಕೊಳೆ ರೋಗಕ್ಕೆ ಔಷಧ ಹೊಡೆಯುವ ಪಂಪು ಸವಾಲಿಗೆ ಬಂದರೆ ಶಿರಸಿ, ಸಿದ್ದಾಪುರದ ಅಡಿಕೆ ಬೆಳೆಗಾರರು ಒಂದು ವಿಷಯ ಗಮನಿಸಬೇಕು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ತೊಳೆಯದೆ ಬಿಟ್ಟರೆ ಸುಣ್ಣ ವಾಲ್ವ್ ಕಟ್ಟುತ್ತದೆ. ಮೈಲುತುತ್ತದ ತಾಮ್ರ ಕಬ್ಬಿಣದ ಮೇಲೆ ಕುಳಿತು ಅಷ್ಟೇ ಕಬ್ಬಿಣ ಕರಗಿ ಹೋಗುತ್ತದೆ. ವಾಲ್ವ್ ಬಿಚ್ಚಿದಾಗ ಒಳಗೆ ಕೆಂಪು ತಾಮ್ರದ ಲೇಪ, ಅದರ ಕೆಳಗೆ ಗುಳಿ ಕಂಡರೆ ಆ ಪಂಪು ಬೇಡ. ಬರಿ ಬಿಳಿ ಸುಣ್ಣ ಮಾತ್ರ ಇದ್ದರೆ ವಿನೆಗರಿನಲ್ಲಿ ಒಂದು ರಾತ್ರಿ ನೆನೆಸಿದರೆ ಬಿಡುತ್ತದೆ. ಕ್ರ್ಯಾಂಕ್ ಎಣ್ಣೆ ಹಾಲಿನ ಹಾಗೆ ಬೆಳ್ಳಗಿದ್ದರೆ ಸೀಲ್ ಹೋಗಿ ನೀರು ಸೇರಿದೆ ಎಂದರ್ಥ. ಒಳಗಿನ ಬೇರಿಂಗೂ ತುಕ್ಕು ಹಿಡಿದಿರುತ್ತದೆ ಎಂದು ಲೆಕ್ಕ ಹಾಕಿ.

ಮನೆಗೆ ತಂದ ಮೇಲೆ ಮೊದಲ ಕೆಲಸ ಸಿಹಿನೀರಿನಲ್ಲಿ ತೊಳೆಯುವುದು, ಮೋಟರ್ ಬಿಚ್ಚಿಟ್ಟು. ಕಾರವಾರ, ಅಂಕೋಲಾ ಕಡೆಯ ಸಾಮಾನಿನಲ್ಲಿ ತುಕ್ಕಿನ ಗುಳಿಯೊಳಗೆ ಉಪ್ಪು ಕೂತಿರುತ್ತದೆ. ಅದನ್ನು ತೊಳೆಯದೆ ಎಮರಿ ಹಾಕಿ ಬಣ್ಣ ಬಳಿದರೆ ಒಂದೇ ಮಳೆಗಾಲದಲ್ಲಿ ಬಣ್ಣ ಗುಳ್ಳೆ ಏಳುತ್ತದೆ. ಘಟ್ಟದ ಮೇಲಿನ ಸಾಮಾನಿಗೆ ಈ ಕಾಟ ಇಲ್ಲ, ಅಲ್ಲಿ ತೇವದ ತುಕ್ಕು ಮಾತ್ರ.

ಬೋಲ್ಟ್ ಬಿಡಿಸುವಾಗ ಅವಸರ ಬೇಡ. ಡೀಸೆಲ್‌ಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಎರಡು ದಿನ ಬೆಳಿಗ್ಗೆ ಸಂಜೆ ಹಾಕಿ, ತಲೆಯ ಮೇಲೆ ಸುತ್ತಿಗೆಯಿಂದ ಹತ್ತಾರು ಸಣ್ಣ ಪೆಟ್ಟು ಕೊಡಬೇಕು. ಮೊದಲು ಕೂದಲೆಳೆಯಷ್ಟು ಬಿಗಿಮಾಡಿ, ಆಮೇಲೆ ಸಡಿಲಿಸಿದರೆ ತುಕ್ಕಿನ ಕಟ್ಟು ಒಡೆಯುತ್ತದೆ. ಹಳೆಯ ಮಷಿನ್‌ಗಳಲ್ಲಿ ಥ್ರೆಡ್ ಇಂಚಿನದು, ವಿಟ್ವರ್ತ್ ಎಂಬ ಹಳೆ ಬ್ರಿಟಿಷ್ ಅಳತೆಯದು. ಅರ್ಧ ಇಂಚಿನ ವಿಟ್ವರ್ತ್‌ಗೆ ಇಂಚಿಗೆ 12 ಥ್ರೆಡ್, ಈಗಿನ 12 ಎಂಎಂ ದಪ್ಪದ ಎಂ12 ಬೋಲ್ಟಿನ ಪಿಚ್ (ಹಲ್ಲಿನಿಂದ ಹಲ್ಲಿಗೆ ದೂರ) 1.75 ಎಂಎಂ. ಎಂ12 ಅದೇ ತೂತಿನಲ್ಲಿ ಎರಡು ಮೂರು ಸುತ್ತು ಸಲೀಸಾಗಿ ಹೋಗಿ ನಿಲ್ಲುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿ ಒತ್ತಿದರೆ ಬಾಡಿಯ ಥ್ರೆಡ್ಡೇ ಹೋಗುತ್ತದೆ. ಬಿಚ್ಚಿದ ಬೋಲ್ಟನ್ನು ಅಂಗಡಿಗೆ ಒಯ್ದು ಹೊಸದರ ಪಕ್ಕ ಇಟ್ಟು, ಹಲ್ಲಿಗೆ ಹಲ್ಲು ಕೂರುತ್ತದೆಯೇ ಎಂದು ನೋಡಿಯೇ ತನ್ನಿ.

ಸಣ್ಣ ಭಾಗಗಳ ತುಕ್ಕಿಗೆ ಸೋಡಾ ನೀರು ಮತ್ತು ಕರೆಂಟ್ ಉಪಾಯ ಬಲು ಒಳ್ಳೆಯದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 10 ಲೀಟರ್ ನೀರಿಗೆ ಎರಡರಿಂದ ಮೂರು ದೊಡ್ಡ ಚಮಚ ಬಟ್ಟೆ ಸೋಡಾ. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಮೈನಸ್ ತುಕ್ಕಿನ ಭಾಗಕ್ಕೆ, ಪ್ಲಸ್ ಒಂದು ಹಳೆ ಕಬ್ಬಿಣದ ಪಟ್ಟಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಒಂದು ರಾತ್ರಿಗೆ ತುಕ್ಕು ಕಪ್ಪು ಪುಡಿಯಾಗಿ ಬ್ರಷ್ಷಿಗೆ ಬರುತ್ತದೆ. ಪ್ಲಸ್ ಕಡೆಗೆ ಸ್ಟೀಲ್ ಚಮಚ, ಸ್ಟೀಲ್ ಪಾತ್ರೆ ಹಾಕಲೇಬಾರದು. ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಅಲ್ಯೂಮಿನಿಯಂ ಭಾಗವನ್ನೂ ಹಾಕಬಾರದು, ಕರಗುತ್ತದೆ. ಹೈಡ್ರೋಜನ್ ಗುಳ್ಳೆ ಏಳುವುದರಿಂದ ಇದನ್ನು ಗಾಳಿಯಾಡುವ ಜಗಲಿಯಲ್ಲಿ, ಬೆಂಕಿಯಿಂದ ದೂರ ಮಾಡಬೇಕು. ಚಾರ್ಜರ್ ಆಫ್ ಮಾಡಿಯೇ ಕೈ ಹಾಕಿ. ಹೊರತೆಗೆದ ಭಾಗವನ್ನು ತೊಳೆದು, ಬಿಸಿಲಲ್ಲೋ ಒಲೆಯ ಹತ್ತಿರವೋ ಒಣಗಿಸಿ, ಅದೇ ಗಂಟೆಯಲ್ಲಿ ಎಣ್ಣೆ ಸವರಬೇಕು. ನಮ್ಮ ಹವೆಯಲ್ಲಿ ನಾಳೆಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೇಸರಿ ಬಣ್ಣ ಬಂದಿರುತ್ತದೆ.

ಬೇರಿಂಗಿನ ನಂಬರು ಅಂಚಿನಲ್ಲೇ ಕೆತ್ತಿರುತ್ತದೆ. ಅಳಿಸಿ ಹೋಗಿದ್ದರೆ ಅಳೆಯಿರಿ: ಒಳಗೆ 15, ಹೊರಗೆ 35, ದಪ್ಪ 11 ಎಂಎಂ ಇದ್ದರೆ 6202. 17, 40, 12 ಇದ್ದರೆ 6203. 20, 47, 14 ಇದ್ದರೆ 6204. ತಗಡಿನ ಮುಚ್ಚಳದ ಜೆಡ್‌ಜೆಡ್ ಬದಲು ರಬ್ಬರ್ ಸೀಲಿನ ಟೂ ಆರ್‌ಎಸ್ ಕೇಳಿ; ಉಪ್ಪುಗಾಳಿಗೆ ಅದೇ ತಡೆಯುತ್ತದೆ. ಹಳೆಯದನ್ನು ಪುಲ್ಲರಿನಿಂದ ಎಳೆಯಿರಿ. ಹೊಸದನ್ನು ಶಾಫ್ಟಿಗೆ ಹಾಕುವಾಗ ಒಳ ರಿಂಗಿನ ಮೇಲೆ ಮಾತ್ರ ಕೂರುವ ಪೈಪ್ ತುಂಡು ಇಟ್ಟು ತಟ್ಟಬೇಕು. ಹೊರ ರಿಂಗಿಗೆ ಪೆಟ್ಟು ಬಿದ್ದರೆ ಆ ಪೆಟ್ಟು ಗುಂಡುಗಳ ಮೂಲಕ ಹಾದು ದಾರಿಯಲ್ಲಿ ಚುಕ್ಕೆ ಗುಳಿ ಬೀಳುತ್ತದೆ, ಹೊಸ ಬೇರಿಂಗ್ ಮೊದಲ ದಿನವೇ ಗೊರಗುಟ್ಟುತ್ತದೆ. ಹೌಸಿಂಗ್ ಸಡಿಲಾಗಿದ್ದರೆ ಪಂಚ್ ಹೊಡೆದು ಚುಕ್ಕೆ ಎಬ್ಬಿಸಿ ಕೂರಿಸುವ ರೂಢಿ ಇದೆ. ಅದು ಕೆಲವು ತಿಂಗಳ ಮಾತು. ಲೇತಿನಲ್ಲಿ ಕೊರೆಸಿ ಬುಶ್ ಹಾಕಿಸುವುದೇ ಸರಿ.

ಮೋಟರ್ ವೈಂಡಿಂಗ್ ಚೆನ್ನಾಗಿದ್ದರೂ ತೇವ ಹಿಡಿದು ಬಾಡಿಗೆ ಕರೆಂಟ್ ಸೋರುವುದುಂಟು. ತಿರುಗುವ ರೋಟರ್ ತೆಗೆದು, ಸುರುಳಿ ಇರುವ ಸ್ಟೇಟರ್ ಒಳಗೆ 100 ವ್ಯಾಟಿನ ಹಳೆ ಮಾದರಿಯ ಬಲ್ಬು ವೈರಿಗೆ ತಾಗದಂತೆ ಇಳಿಸಿ, ಮೇಲೆ ಡಬ್ಬ ಮುಚ್ಚಿ, ತೇವ ಹೋಗಲು ಸಣ್ಣ ಸಂದಿ ಬಿಟ್ಟು ಒಂದು ಹಗಲು ಉರಿಸುತ್ತೇನೆ. ಆಗಾಗ ಹೋಗಿ ನೋಡುತ್ತಿರಬೇಕು. ಆಮೇಲೆ ಕರೆಂಟ್ ಸೋರಿಕೆ ಅಳೆಯುವ 500 ವೋಲ್ಟಿನ ಮೆಗ್ಗರ್ ಹಾಕಿಸಿದರೆ ಕನಿಷ್ಠ 1 ಮೆಗಾಓಂ ಬರಬೇಕು. ಬಾರದಿದ್ದರೆ ರಿವೈಂಡಿಂಗ್.

ಮೋಟರ್ ಗುಂಯ್ ಎಂದು ನಿಂತು, ಕೈಯಲ್ಲಿ ಪುಲ್ಲಿ ತಿರುಗಿಸಿ ಸ್ವಿಚ್ ಹಾಕಿದರೆ ಓಡುತ್ತದೆ ಎಂದಾದರೆ ಕೆಪಾಸಿಟರ್ ಅಥವಾ ಒಳಗಿನ ಸ್ವಿಚ್. ಕೆಪಾಸಿಟರ್ ಮುಟ್ಟುವ ಮೊದಲು ಅದರ ಎರಡು ತುದಿಗೆ ಬಲ್ಬಿನ ಎರಡು ವೈರು ತಾಗಿಸಿ ಖಾಲಿ ಮಾಡಿ. ಹೊಸದರಲ್ಲಿ ಎಂಎಫ್‌ಡಿ (ಮೈಕ್ರೋಫ್ಯಾರಡ್) ಅಂಕಿ ಹಳೆಯದರಷ್ಟೇ ಇರಬೇಕು, ವೋಲ್ಟ್ ಕಡಿಮೆ ಆಗಬಾರದು. ಸೆಂಟ್ರಿಫ್ಯೂಗಲ್ ಸ್ವಿಚ್ ಇರುವ ಮೋಟರ್ ವೇಗ ಹಿಡಿದಾಗ ಟಕ್ ಎಂಬ ಸದ್ದು ಬರಬೇಕು. ಬರದಿದ್ದರೆ ತಕ್ಷಣ ಆಫ್ ಮಾಡಿ. ಸ್ವಿಚ್ ಬಿಡದಿದ್ದರೆ ಸ್ಟಾರ್ಟಿಂಗ್ ಸುರುಳಿ ಸ್ವಲ್ಪ ಹೊತ್ತಿನಲ್ಲೇ ಸುಡುತ್ತದೆ. ಸಂಜೆ ವೋಲ್ಟೇಜ್ ಬಿದ್ದಾಗ ಮೊದಲ ಚಾಲೂ ಮಾಡಬೇಡಿ, ಬೆಳಿಗ್ಗೆ ಮಾಡಿ. ಅರ್ಥಿಂಗ್ ಮತ್ತು ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇಲ್ಲದ ಲೈನಿಗೆ ಹಳೆ ಮಷಿನ್ ಹಾಕಲೇಬಾರದು.

ಡ್ರಿಲ್ ಓಡತೊಡಗಿದ ಮೇಲೆ ಪುಲ್ಲಿಯ ಮೆಟ್ಟಿಲು ಸರಿಯಾಗಿ ಆರಿಸಿ. ಮೆದು ಕಬ್ಬಿಣಕ್ಕೆ 10 ಎಂಎಂ ಡ್ರಿಲ್ ಬಿಟ್ ನಿಮಿಷಕ್ಕೆ ಸುಮಾರು 800 ಸುತ್ತು ಬೇಡುತ್ತದೆ, 6 ಎಂಎಂ ಬಿಟ್ 1,300. 1,440 ಸುತ್ತಿನ ಮೋಟರಿನಲ್ಲಿ 60 ಎಂಎಂ ಪುಲ್ಲಿಯಿಂದ 120 ಎಂಎಂ ಪುಲ್ಲಿಗೆ ಬೆಲ್ಟ್ ಹಾಕಿದರೆ 720 ಸಿಗುತ್ತದೆ, ದಪ್ಪ ಬಿಟ್ಟಿಗೆ ಅದು ಸರಿ.

ಮಳೆಗಾಲದಲ್ಲಿ ಕಂಬಕ್ಕೂ ಟೇಬಲ್ಲಿಗೂ ಗ್ರೀಸ್ ತೆಳ್ಳಗೆ ಸವರಿ, ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಒಳಗೇ ಬೆವರು ಕಟ್ಟಿ ತುಕ್ಕು ಬೇಗ ಹಿಡಿಯುತ್ತದೆ. ಹಳೆ ಹತ್ತಿ ಸೀರೆ ಹೊದಿಸಿ, ಕೆಳಗಿನ ಅಂಚು ತೆರೆದಿಡಿ.