ಉಪ್ಪಿನಕಾಯಿ ವ್ಯಾಪಾರಕ್ಕೆ ಬ್ಯಾಂಕಿನ ಸಿಸಿ ಸಾಲ ಮಾಡಿಸಿದ್ದು

ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ; ಅದರ ವ್ಯಾಪಾರದಲ್ಲಿ ದುಡ್ಡು ಬೇಕಾಗುವುದು ವರ್ಷಕ್ಕೆ ಒಂದೇ ಸಲ, ಆದರೆ ಒಟ್ಟಿಗೇ ಬೇಕು. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮಿಡಿ ಬಂದು ಮುಗಿಯುತ್ತದೆ. ರಿಪ್ಪನ್‌ಪೇಟೆಗೆ ಹೋಗಿ ತಂದರೂ ಅಷ್ಟೇ, ಮರ ಹತ್ತಿ ಕೊಯ್ದವರು ಮನೆ ಬಾಗಿಲಿಗೆ ತಂದರೂ ಅಷ್ಟೇ, ನೂರಕ್ಕೆ ಇಷ್ಟು ಅಂತ ಎಣಿಸಿ ಕೈಗೆ ನಗದು ಕೊಡಬೇಕು. ಒಳ್ಳೆ ಸೊನೆಯ, ತೊಟ್ಟು ಮುರಿಯದ ಮಿಡಿ ಎದುರಿಗಿದ್ದಾಗ ‘ನಾಳೆ ಕೊಡ್ತೀನಿ’ ಅಂದರೆ ಅದು ಬೇರೆಯವರ ಪಾಲು. ಮಾರಾಟವೋ, ಮುಂದಿನ ಮಿಡಿ ಬರುವವರೆಗೂ ಸ್ವಲ್ಪ ಸ್ವಲ್ಪವಾಗಿ ನಡೆಯುತ್ತದೆ.

ಸಾಗರದ ಕಡೆ ನಮ್ಮಂಥ ಹೆಂಗಸರಿಗೆ ಸುಲಭಕ್ಕೆ ಸಿಗುವುದು ಸಂಘದ ಸಾಲ. ನಾನದನ್ನು ಹೀಗಳೆಯುವುದಿಲ್ಲ, ನನ್ನ ಮೊದಲ ಭರಣಿಗಳು ಬಂದದ್ದೇ ಅದರಲ್ಲಿ. ಆದರೆ ವಾರದ ಕಂತು ಹಾಲು ಹಾಕುವವರಿಗೆ, ಕ್ಯಾಂಟೀನ್ ನಡೆಸುವವರಿಗೆ ಹೊಂದುತ್ತದೆ. ಮಿಡಿ ಇನ್ನೂ ಉಪ್ಪಿನಲ್ಲಿರುವಾಗಲೇ ಕಂತು ಶುರುವಾದರೆ ಕಟ್ಟುವುದು ಎಲ್ಲಿಂದ? ಅಡಿಕೆ ದುಡ್ಡಿನಿಂದ, ಇಲ್ಲವೇ ಇನ್ನೊಂದು ಕಡೆ ಸಾಲ ಎತ್ತಿ. ಹಾಗೆ ಎತ್ತುತ್ತಾ ಹೋದ ಮನೆಗಳನ್ನು ನೋಡಿದ್ದೇವೆ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಹಾಗಾಗಿ ನಾನು ಬ್ಯಾಂಕಿನಲ್ಲಿ ಕೇಳಿದ್ದು ಸಿಸಿ, ಕ್ಯಾಶ್ ಕ್ರೆಡಿಟ್. ಒಂದು ಮಿತಿ ಹಾಕಿಕೊಡುತ್ತಾರೆ. ಬೇಕಾದಾಗ ತೆಗೆಯುವುದು, ಬಂದಾಗ ಹಾಕುವುದು. ಬಡ್ಡಿ ತೆಗೆದಷ್ಟಕ್ಕೆ, ಅದೂ ಅಷ್ಟು ದಿನಕ್ಕೆ ಮಾತ್ರ.

ಕೇಳುವ ಮೊದಲು ವ್ಯಾಪಾರ ನನ್ನದು ಅಂತ ಕಾಗದದಲ್ಲಿ ಕಾಣಬೇಕಿತ್ತು. ಉಪ್ಪಿನಕಾಯಿ ಹಾಕುವವಳು ನಾನು, ಗಿರಾಕಿಯ ದುಡ್ಡು ಬೀಳುತ್ತಿದ್ದದ್ದು ನಮ್ಮನೆಯವರ ಖಾತೆಗೆ. ಹೆಚ್ಚಿನ ಮನೆಗಳಲ್ಲಿ ಹೀಗೇ. ನನ್ನ ಹೆಸರಲ್ಲಿ ಕರೆಂಟ್ ಅಕೌಂಟ್ ತೆಗೆಸಿ ಅದರದ್ದೇ ಕ್ಯೂಆರ್ ಕೋಡ್ ಇಟ್ಟೆ. ಶಿವಮೊಗ್ಗದ ಅಂಗಡಿಯವರಿಗೂ ಅದಕ್ಕೇ ಹಾಕಲು ಹೇಳಿದೆ. ನಗದು ಬಂದರೂ ಖರ್ಚಿಗೆ ಮುರಿಯದೆ ಮೊದಲು ಖಾತೆಗೆ ಕಟ್ಟಿದೆ. ಇಡೀ ಒಂದು ವರ್ಷದ ಸ್ಟೇಟ್‌ಮೆಂಟ್ ಕೈಗೆ ಬಂದ ಮೇಲೇ ಬ್ಯಾಂಕಿನ ಮೆಟ್ಟಿಲು ಹತ್ತಿದ್ದು. ನಮ್ಮದು ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲೇ ಆಗುತ್ತದೆ, ಪುಕ್ಕಟೆ. ಅದಕ್ಕೆ ಸಾವಿರಗಟ್ಟಲೆ ಕೇಳುವವರಿದ್ದಾರೆ, ಕೊಡಬೇಡಿ.

ಮ್ಯಾನೇಜರ್ ಮೊದಲು ಕೇಳಿದ್ದು ತೋಟದ ಪಹಣಿ. ತೋಟ ಮಾವನವರ ಹೆಸರಲ್ಲಿದೆ. “ಮುದ್ರಾದಲ್ಲಿ ಕೇಳ್ತಿದೀನಿ ಸರ್, ಅದಕ್ಕೆ ಅಡಮಾನ ಇಲ್ವಲ್ಲ” ಅಂದೆ. ಸಣ್ಣ ವ್ಯಾಪಾರಕ್ಕೆ ಅಡಮಾನವಿಲ್ಲದೆ ಸಾಲ ಕೊಡಿಸುವ ಕೇಂದ್ರದ ಯೋಜನೆ ಮುದ್ರಾ; ಅದರಲ್ಲಿ 50 ಸಾವಿರದವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ್. ಮುದ್ರಾ ಬರುವ ಮೊದಲೇ, 2010ರಲ್ಲಿ, ಸಣ್ಣ ಉದ್ಯಮಗಳ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡವು ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಗೊತ್ತಿಲ್ಲದವರು ಪಹಣಿ ತರಲು ಹೋಗಿ, ಮನೆಯಲ್ಲಿ ಮಾತಾಗಿ, ವಾಪಸ್ ಬರುವುದೇ ಇಲ್ಲ.

ಆಮೇಲೆ ಬಂದದ್ದು, “ಸಿಸಿ ಸಂಭಾಳಿಸೋದು ಕಷ್ಟ ಮೇಡಂ, ಟರ್ಮ್ ಲೋನ್ ತಗೊಳ್ಳಿ, ತಿಂಗಳಿಗಿಷ್ಟು ಅಂತ ಕಟ್ತಾ ಹೋದ್ರಾಯ್ತು.” ಸಂಘದ ಪುಸ್ತಕವನ್ನು ಪೈಸೆ ತಪ್ಪದೆ ಬರೆಯುವವರಿಗೆ ಹೇಳುವ ಮಾತೇ ಇದು! ವಾದ ಮಾಡಲಿಲ್ಲ. ಒಂದು ಹಾಳೆ ಮುಂದಿಟ್ಟೆ: ತಿಂಗಳು ತಿಂಗಳಿಗೆ ಎಷ್ಟು ಹೋಗುತ್ತದೆ, ಎಷ್ಟು ಬರುತ್ತದೆ. ಮಾರ್ಚ್, ಏಪ್ರಿಲ್ ಸಾಲಿನಲ್ಲಿ ಹೋಗುವುದೇ. ಜೂನ್ ಆದಮೇಲೆ ಬರುವುದೇ. ಅದನ್ನು ನೋಡಿದ ಮೇಲೆ ಅವರ ಪ್ರಶ್ನೆಗಳ ಧಾಟಿಯೇ ಬದಲಾಯಿತು.

ಮಿತಿ ಎಷ್ಟು ಅನ್ನುವುದಕ್ಕೆ ಬ್ಯಾಂಕಿನವರ ಲೆಕ್ಕ ವರ್ಷದ ಅಂದಾಜು ವಹಿವಾಟಿನ ಶೇ 20. ನಾನು ತೋರಿಸಿದ್ದು 10 ಲಕ್ಷ, ಅಂದರೆ 2 ಲಕ್ಷ. ವರ್ಷವಿಡೀ ಕೊಂಡು ವರ್ಷವಿಡೀ ಮಾರುವ ಕಿರಾಣಿಯವರಿಗೆ ಅದು ಸಾಕಾದೀತು, ವರ್ಷದ ಮಾಲನ್ನೆಲ್ಲ ಒಂದೇ ಸಲ ತುಂಬಿಕೊಳ್ಳುವವರಿಗೆ ಸಾಲದು. ಆ ಶೇ 20 ಕನಿಷ್ಠದ ಲೆಕ್ಕ, ಮೇಲೆ ಕೊಡಬಾರದು ಅಂತಿಲ್ಲ. ಅದೇ ಹಾಳೆಯ ಬಲದ ಮೇಲೆ 3 ಲಕ್ಷ ಮಂಜೂರಾಯಿತು. ನಾಲ್ಕು ಕೇಳಿದ್ದೆ.

ಈಗ ಏಪ್ರಿಲ್ ಹೊತ್ತಿಗೆ ಮಿತಿ ತಳ ಮುಟ್ಟುತ್ತದೆ, ಸಂಕ್ರಾಂತಿಯೊಳಗೆ ಬಾಕಿ ತೀರುತ್ತದೆ. ಭರಣಿಯಲ್ಲಿರುವ ಮಾಲೆಷ್ಟು, ಅಂಗಡಿಗಳಿಂದ ಬರಬೇಕಾದ್ದೆಷ್ಟು ಅಂತ ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುತ್ತಿರಬೇಕು. ಮಸಾಲೆ ಬೀಸುವ ಯಂತ್ರಕ್ಕೆ ಮಾತ್ರ ಟರ್ಮ್ ಲೋನನ್ನೇ ಮಾಡಿದೆ. ಯಂತ್ರ ವರ್ಷಗಟ್ಟಲೆ ದುಡಿಯುತ್ತದೆ, ಕಂತೂ ವರ್ಷಗಟ್ಟಲೆ ಇರಲಿ. ಅದಕ್ಕೆ ಪಿಎಂಎಫ್‌ಎಂಇ, ಅಂದರೆ ಸಣ್ಣ ಆಹಾರ ಉದ್ಯಮಗಳಿಗೆ ನೆರವಾಗುವ ಯೋಜನೆಯಲ್ಲಿ, ಶೇ 35ರ ಜೊತೆ ರಾಜ್ಯದ ಹೆಚ್ಚುವರಿ ಶೇ 15 ಸಬ್ಸಿಡಿಯೂ ಸೇರಿತು. ಸಿಸಿಯನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಅರ್ಜಿಯನ್ನು ಡಿಸೆಂಬರಿನಲ್ಲೇ ಕೊಟ್ಟುಬಿಡುತ್ತೇನೆ, ಯಾಕೆಂದರೆ ಫೆಬ್ರವರಿಯಲ್ಲಿ ಮ್ಯಾನೇಜರ್ ರಜೆ ಹಾಕಿದರೂ ಮಿಡಿ ಕಾಯುವುದಿಲ್ಲ.