ಪ್ರೊಸೆಸರ್ ತಣ್ಣಗಿತ್ತು, ಬೋರ್ಡು ಕಾದಿತ್ತು

ಉಡುಪಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಏಪ್ರಿಲ್ ಮಧ್ಯಾಹ್ನ ಫ್ಯಾನ್ ತಿರುಗುತ್ತಿದ್ದರೂ ಉಷ್ಣಾಂಶ 34 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ನನ್ನ ಕಂಪ್ಯೂಟರಿಗೆ ಕೈತುಂಬ ಕೆಲಸ ಇರುವುದೂ ಆಗಲೇ. ಮೇ ಕೊನೆಗೆ ಬರುವ ಪತ್ತನಾಜೆಯಂದು ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಮೊದಲು ಚಿತ್ರೀಕರಿಸಿದ ಯಕ್ಷಗಾನಗಳನ್ನೆಲ್ಲ ಸಂಕಲಿಸಿ, ಕಿರಿದಾದ ಕಡತಗಳಾಗಿ ಮಾಡಿಕೊಡಬೇಕು. ಒಂದು ರಾತ್ರಿಯ ಆಟವೆಂದರೆ ಆರೇಳು ಗಂಟೆಯ ವಿಡಿಯೊ. ಪ್ರೊಸೆಸರ್ ಅಷ್ಟೇ ಹೊತ್ತು ಉಸಿರು ಬಿಡದೆ ದುಡಿಯುತ್ತದೆ.

2019ರಲ್ಲಿ ಎಎಂಡಿ ಕಂಪನಿಯ ರೈಜೆನ್ 5 2600 ಪ್ರೊಸೆಸರ್ ಕೊಂಡೆ. ಆರು ಕೋರ್, ಹನ್ನೆರಡು ಥ್ರೆಡ್, ಮೂಲ ವೇಗ 3.4 ಗಿಗಾಹರ್ಟ್ಸ್. ಇಂಟೆಲ್‌ನಲ್ಲಿ ಆಗ ಓವರ್‌ಕ್ಲಾಕ್ ಮಾಡಲು, ಅಂದರೆ ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸಲು, ಹೆಸರಿನ ಕೊನೆಗೆ ಕೆ ಅಕ್ಷರವಿದ್ದ ಪ್ರೊಸೆಸರೂ ಝಡ್ ಸರಣಿಯ ದುಬಾರಿ ಮದರ್‌ಬೋರ್ಡೂ ಎರಡೂ ಬೇಕಾಗಿದ್ದವು. ಎಎಂಡಿಯಲ್ಲಿ ಹಾಗಿರಲಿಲ್ಲ. ಬೋರ್ಡಿನ ಸೌಲಭ್ಯಗಳನ್ನು ನಿರ್ಧರಿಸುವ ಚಿಪ್‌ಸೆಟ್‌ಗಳಲ್ಲಿ ಅಗ್ಗದ ಎ320 ಓವರ್‌ಕ್ಲಾಕಿಗೆ ಬಾಗಿಲು ಮುಚ್ಚಿತ್ತು, ಬಿ450 ಸಾಕಾಗಿತ್ತು. ಆದ್ದರಿಂದ ಬಿ450 ಎಂದು ಬರೆದಿದ್ದ ಬೋರ್ಡುಗಳಲ್ಲಿ ಅತ್ಯಂತ ಅಗ್ಗದ್ದನ್ನೇ ಆರಿಸಿ ತಂದೆ. ನಾನು ಎಡವಿದ್ದು ಅಲ್ಲೇ.

ಪ್ರೊಸೆಸರ್ ಜೊತೆ ಬಂದ ಪುಟ್ಟ ಕೂಲರ್‌ನಲ್ಲಿ ವೇಗವನ್ನು 3.9 ಗಿಗಾಹರ್ಟ್ಸ್‌ಗೆ ಏರಿಸಿದಾಗ ಪ್ರೊಸೆಸರ್ 90 ಡಿಗ್ರಿ ಮುಟ್ಟಿತು. ಗೋಪುರದಂತೆ ನಿಲ್ಲುವ ದೊಡ್ಡ ಕೂಲರ್ ತಂದು ಹಾಕಿದೆ, 70ಕ್ಕೆ ಇಳಿಯಿತು. ಸಂತೋಷದಿಂದ 4.0 ಗಿಗಾಹರ್ಟ್ಸ್, 1.35 ವೋಲ್ಟ್ ಕೊಟ್ಟು ಒಂದು ಇಡೀ ರಾತ್ರಿಯ ಆಟವನ್ನು ಸಂಸ್ಕರಣೆಗೆ ಹಾಕಿದೆ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ವೇಗ ಕುಸಿಯಿತು. ಏರಿತು, ಮತ್ತೆ ಕುಸಿಯಿತು. ಪ್ರೊಸೆಸರ್ ಮಾತ್ರ 70 ಡಿಗ್ರಿಯಲ್ಲೇ ಇತ್ತು.

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೆಳೆಯರೊಬ್ಬರಿಂದ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು ಬೋರ್ಡಿನ ಮೇಲೆ ಹಿಡಿದೆ. ಪ್ರೊಸೆಸರ್ ಪಕ್ಕದಲ್ಲಿ ಅದಕ್ಕೆ ವಿದ್ಯುತ್ ಹದಗೊಳಿಸಿ ಕೊಡುವ ಮಾಸ್ಫೆಟ್ ಎಂಬ ಪುಟ್ಟ ಸ್ವಿಚ್ಚುಗಳ ಮೇಲೆ 110 ಡಿಗ್ರಿ! ಅವುಗಳಿಗೆ ಶಾಖ ಹೀರಿ ಹೊರಬಿಡುವ ಲೋಹದ ಹೀಟ್‌ಸಿಂಕ್ ಇರಲಿಲ್ಲ. ಹಳೆಯ ಕೂಲರ್ ಗಾಳಿಯನ್ನು ಕೆಳಮುಖವಾಗಿ ಊದುತ್ತಿತ್ತು, ಅದರಲ್ಲಿ ಒಂದಿಷ್ಟು ಇವುಗಳಿಗೂ ತಾಗುತ್ತಿತ್ತು. ಹೊಸ ಗೋಪುರ ಗಾಳಿಯನ್ನು ಅಡ್ಡಡ್ಡವಾಗಿ ಹಿಂದಕ್ಕೆ ತಳ್ಳುತ್ತಿತ್ತು. ಪ್ರೊಸೆಸರನ್ನು ತಣಿಸಲು ಹೋಗಿ ಬೋರ್ಡಿಗೆ ಸಿಗುತ್ತಿದ್ದ ಗಾಳಿಯನ್ನೂ ನಾನೇ ಕಿತ್ತುಕೊಂಡಿದ್ದೆ.

ಲೆಕ್ಕ ಹಾಕಿ ನೋಡಿದಾಗ ವಿಷಯ ಸ್ಪಷ್ಟವಾಯಿತು. ಪ್ರೊಸೆಸರ್ 100 ವಾಟ್ ಸೆಳೆಯುತ್ತಿದೆ ಎನ್ನೋಣ. 1.35 ವೋಲ್ಟ್‌ನಲ್ಲಿ ಅದು ಸುಮಾರು 74 ಆಂಪಿಯರ್. ಈ ಹೊರೆಯನ್ನು ಫೇಸ್‌ಗಳು, ಅಂದರೆ ಮಾಸ್ಫೆಟ್ ಮತ್ತು ಸುರುಳಿ ಸೇರಿದ ವಿದ್ಯುತ್ ಘಟಕಗಳು, ಹಂಚಿಕೊಳ್ಳುತ್ತವೆ: ಮೂರಿದ್ದರೆ ತಲಾ ಸುಮಾರು 25 ಆಂಪಿಯರ್, ನಾಲ್ಕಿದ್ದರೆ ತಲಾ 18.5. ಮಾಸ್ಫೆಟ್‌ನ ರೋಧದಿಂದ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಮೂರು ಫೇಸ್‌ಗಳ ಬೋರ್ಡಿನಲ್ಲಿ ಒಂದೊಂದು ಫೇಸೂ ನಾಲ್ಕರದ್ದಕ್ಕಿಂತ ಹೆಚ್ಚುಕಡಿಮೆ 1.8 ಪಟ್ಟು ಬೆವರುತ್ತದೆ. ಅದಕ್ಕೆ ಹೊದೆಯಲು ಹೀಟ್‌ಸಿಂಕೂ ಇಲ್ಲದಿದ್ದರೆ ರಕ್ಷಣಾ ವ್ಯವಸ್ಥೆ ವೇಗವನ್ನು ಇಳಿಸದೆ ಏನು ಮಾಡೀತು? ಅದು ಇಳಿಸಿದ್ದರಿಂದಲೇ ಬೋರ್ಡ್ ಸುಡದೆ ಉಳಿಯಿತು.

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಕಳೆದೆ. ಈ ಬಾರಿ ಬಣ್ಣದ ದೀಪಗಳನ್ನಾಗಲಿ ಡಬ್ಬಿಯ ಮೇಲಿನ ಫೇಸ್ ಸಂಖ್ಯೆಯನ್ನಾಗಲಿ ನೋಡಲಿಲ್ಲ. ಹೀಟ್‌ಸಿಂಕ್ ತೆಗೆದಾಗ ಬೋರ್ಡ್ ಹೇಗೆ ಕಾಣುತ್ತದೆ ಎಂಬ ಚಿತ್ರಗಳನ್ನು ಮೊದಲೇ ಮೊಬೈಲಿನಲ್ಲಿ ಉಳಿಸಿಕೊಂಡಿದ್ದೆ. ಬರೀ ಸುರುಳಿಗಳನ್ನು ಎಣಿಸಿದರೆ ಮೋಸಹೋಗುತ್ತೇವೆ. ಅವುಗಳಲ್ಲಿ ಕೆಲವು ಕೋರ್‌ಗಳಿಗಲ್ಲ, ಪ್ರೊಸೆಸರ್‌ನ ಉಳಿದ ಭಾಗಕ್ಕೆ ವಿದ್ಯುತ್ ಕೊಡುತ್ತವೆ. ಕೋರ್‌ಗಳಿಗೆ ನಿಜವಾಗಿ ಎಷ್ಟು ಫೇಸ್ ಎಂಬುದು ಮುಖ್ಯ. ಹೀಟ್‌ಸಿಂಕ್ ಸ್ಕ್ರೂನಿಂದ ಬಿಗಿದಿದೆಯೇ, ಅದರಲ್ಲಿ ಸೀಳುಗಳಿವೆಯೇ, ಕೈಗೆ ಭಾರವೆನಿಸುತ್ತದೆಯೇ ಎಂದು ನೋಡಿದೆ. ಅಂಗಡಿಯವರು ತಾಳ್ಮೆಯಿಂದ ನಾಲ್ಕು ಬೋರ್ಡು ಬಿಚ್ಚಿ ತೋರಿಸಿದರು, ಅವರಿಗೆ ನಾನು ಋಣಿ.

ಕೊನೆಗೆ ಆರಿಸಿದ್ದು ಎಂಎಸ್‌ಐ ಬಿ450ಎಂ ಮಾರ್ಟರ್. ಕೋರ್‌ಗಳಿಗೆ ನಾಲ್ಕೇ ಫೇಸ್, ಆದರೆ ಪ್ರತಿಯೊಂದರಲ್ಲೂ ಮಾಸ್ಫೆಟ್‌ಗಳು ಜೋಡಿ ಜೋಡಿಯಾಗಿವೆ, ಮೇಲೆ ದಪ್ಪನೆಯ ಹೀಟ್‌ಸಿಂಕ್ ಇದೆ. ಮೊದಲ ಬೋರ್ಡಿಗಿಂತ ಸುಮಾರು ಎರಡು ಸಾವಿರ ರೂಪಾಯಿ ಹೆಚ್ಚಾಯಿತು. ಬೋರ್ಡನ್ನು ಚಾಲೂ ಮಾಡುವ ಮೂಲ ತಂತ್ರಾಂಶವಾದ ಬಯೋಸನ್ನು ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ತುಂಬಿಸುವ ಗುಂಡಿಯೂ ಇದರಲ್ಲಿತ್ತು. ಮುಂದೆ ಹೊಸ ಪೀಳಿಗೆಯ ಪ್ರೊಸೆಸರ್ ಹಾಕಬೇಕೆನ್ನುವವರಿಗೆ ಇದು ತುಂಬ ಬೆಲೆಬಾಳುವ ಸೌಲಭ್ಯ.

ವೇಗವನ್ನು 100 ಮೆಗಾಹರ್ಟ್ಸ್‌ನಂತೆ ಏರಿಸುತ್ತ ಹೋದೆ. ಪ್ರತಿ ಮೆಟ್ಟಿಲಲ್ಲೂ ಪ್ರೊಸೆಸರನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಪ್ರೈಮ್95 ತಂತ್ರಾಂಶವನ್ನು ಒಂದು ಗಂಟೆ ಓಡಿಸಿದೆ. 4.0ಕ್ಕೆ 1.325 ವೋಲ್ಟ್ ಸಾಕಾಯಿತು. 4.1ಕ್ಕೆ 1.4 ದಾಟಬೇಕಾಯಿತು. ವೋಲ್ಟೇಜ್ ಏರಿದರೆ ಶಾಖ ಅದರ ವರ್ಗದಂತೆ ಏರುವುದರಿಂದ ಆ ನೂರು ಮೆಗಾಹರ್ಟ್ಸ್‌ನ ಆಸೆ ಬಿಟ್ಟೆ. ಮಾಸ್ಫೆಟ್‌ಗಳ ಬಳಿ ಈಗ 80 ಡಿಗ್ರಿ. ಆರು ಗಂಟೆ ಹಿಡಿಯುತ್ತಿದ್ದ ಕೆಲಸ ಐದೂವರೆಗೆ ಮುಗಿಯುತ್ತದೆ. ಅರ್ಧ ಗಂಟೆ ದೊಡ್ಡದೇ ಎಂದು ಕೇಳುವವರಿದ್ದಾರೆ. ಒಂದು ತಿರುಗಾಟದಲ್ಲಿ ನಲವತ್ತು ಆಟ ಚಿತ್ರೀಕರಿಸುವ ನನಗೆ ಅದು ದೊಡ್ಡದು.

ಬಯೋಸ್‌ನಲ್ಲಿ ಎರಡು ಹೊಂದಾಣಿಕೆಗಳನ್ನು ಉಳಿಸಿಟ್ಟಿದ್ದೇನೆ. ಮಾರ್ಚ್‌ನಿಂದ ಮೇ ಕೊನೆಯವರೆಗೆ 3.9 ಗಿಗಾಹರ್ಟ್ಸ್, 1.25 ವೋಲ್ಟ್. ಮಳೆ ಹಿಡಿದು ಕೋಣೆ ತಣ್ಣಗಾದ ಮೇಲೆ ಮತ್ತೆ 4.0.